ಗೆದ್ದ ದುಡ್ಡಿಗೂ ಕಂದಾಯ

‘ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರು’ ಎಂಬ ಗಾದೆಯನ್ನು ಬೇರೆಯವರ ವಿಷಯದಲ್ಲಿ ನಾನು ಎಷ್ಟೋ ಸಲ ಆಡಿ ನಕ್ಕಿದ್ದೇನೆ. ಆದರೆ 2013ರ ಆಗಸ್ಟ್‌ನಲ್ಲಿ, ಬೆಂಗಳೂರಿನಿಂದ ಅರಸೀಕೆರೆಗೆ ಬರುವ ರೈಲಿನಲ್ಲಿ ಕಿಟಕಿ ಪಕ್ಕ ಕೂತು, ಮಗಳ ಹಳೇ ನೋಟ್‌ಬುಕ್ಕಿನ ಕೊನೆಯ ಹಾಳೆಯ ಮೇಲೆ ಕುಲಾವಿ ಹೊಲಿದವಳು ನಾನೇ.

ಆವತ್ತು ನಾನು ಎರಡು ಲಕ್ಷ ರೂಪಾಯಿ ಗೆದ್ದಿದ್ದೆ. ಒಂದು ವಾಹಿನಿಯವರು ಹೆಂಗಸರಿಗಾಗಿ ನಡೆಸುತ್ತಿದ್ದ ರಸಪ್ರಶ್ನೆಯ ಆಟ ಅದು. ಅದರ ಹಿಂದಿನ ವರ್ಷ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ಶುರು ಮಾಡಿದಾಗಿನಿಂದ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಟೀವಿಯ ಮುಂದೆ ಕೂತು ಉತ್ತರ ಕೂಗುವ ಅಭ್ಯಾಸ ಬಂದಿತ್ತು. ನಮ್ಮವರು, “ಇಲ್ಲಿ ಕೂಗಿದರೆ ಯಾರು ದುಡ್ಡು ಕೊಡ್ತಾರೆ? ಹೋಗಿ ಅಲ್ಲೇ ಕೂಗು” ಎಂದು ಹಾಸ್ಯ ಮಾಡಿದ್ದರು. ನಾನೂ ಹಾಸ್ಯಕ್ಕೇ ಎಂಬಂತೆ ಮಗಳ ಮೊಬೈಲಿನಿಂದ ಹೆಸರು ಕಳಿಸಿದೆ. ಇಪ್ಪತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ್ದು ಆ ಒಂದು ಸಂಜೆ ಕೈಹಿಡಿಯಿತು.

ರೈಲಿನಲ್ಲಿ ಬರೆದ ಪಟ್ಟಿ ಹೀಗಿತ್ತು. ಅಮ್ಮನಿಗೆ ಎರಡು ಚಿನ್ನದ ಬಳೆ, 85,000. ಮಗಳ ಕಾಲೇಜು, ಹಾಸ್ಟೆಲು, 60,000. ಹಿತ್ತಲ ಗೋಡೆ, 35,000. ಅತ್ತೆಯವರ ಕಿವಿಗೆ ಮೆಷಿನ್, 20,000. ಕೂಡಿದರೆ ಸರಿಯಾಗಿ ಎರಡು ಲಕ್ಷ. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಮ್ಮಿಯಿಲ್ಲ.

ಬಳೆ ಪಟ್ಟಿಯ ಮೊದಲಿಗೆ ಬಂದದ್ದಕ್ಕೆ ಕಾರಣವಿದೆ. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಅಪ್ಪ ಹೋದರು. 1993ರಲ್ಲಿ ಮೈಸೂರಿನಲ್ಲಿ ಬಿ.ಎಡ್.ಗೆ ಸೀಟು ಸಿಕ್ಕಿದಾಗ ಅಮ್ಮ ಕೈಯಲ್ಲಿದ್ದ ಎರಡು ಬಳೆ ಕಳಚಿ ಮಾರಿದರು. ಆಮೇಲೆ ಅಮ್ಮನ ಬರಿಗೈ ನೋಡಿದವರೆಲ್ಲ, ಪಾಪ, ಗಂಡ ಹೋದ ಮೇಲೆ ಬಳೆ ತೊಡುವುದು ಬಿಟ್ಟರು ಅಂದುಕೊಂಡರು. ಅಮ್ಮನೂ ಯಾರನ್ನೂ ತಿದ್ದಲಿಲ್ಲ. ಆ ಕೈ ಬರಿದಾದದ್ದು ಅಪ್ಪನಿಂದಲ್ಲ, ನನ್ನಿಂದ ಎನ್ನುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಕೆಲಸ ಸಿಕ್ಕಿದ ಮೊದಲ ವರ್ಷವೇ ಮಾಡಿಸಿಕೊಡುತ್ತೇನೆ ಅಂದಿದ್ದೆ. ಆಮೇಲೆ ಮದುವೆ, ಮನೆ, ಮಗು. ಚಿನ್ನ ಮಾತ್ರ ಪ್ರತಿವರ್ಷ ನನಗಿಂತ ಎರಡು ಹೆಜ್ಜೆ ಮುಂದೆಯೇ ಓಡುತ್ತಿತ್ತು.

ಡಿಸೆಂಬರಿನಲ್ಲಿ ಚೆಕ್ಕು ಬಂತು. ಲಕೋಟೆ ಒಡೆದು ನೋಡಿದರೆ 1,40,000. ನಾನು ಮೊದಲು ಹಾಳೆ ತಿರುಗಿಸಿ ಹಿಂದುಗಡೆ ನೋಡಿದೆ, ಉಳಿದದ್ದು ಅಲ್ಲೇನಾದರೂ ಇದೆಯೋ ಎಂಬಂತೆ. ಜೊತೆಗಿದ್ದ ಕಾಗದದಲ್ಲಿ ಟಿ.ಡಿ.ಎಸ್. ಶೇಕಡಾ 30, ಅರವತ್ತು ಸಾವಿರ ಎಂದು ಬರೆದಿತ್ತು. ಆಟದ ದಿನ ಅವರು ಸಹಿ ಹಾಕಿಸಿಕೊಂಡ ಕಾಗದಗಳಲ್ಲಿ ಇದೂ ಇತ್ತಂತೆ. ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುವ ಸಡಗರದಲ್ಲಿ ಆ ಕಾಗದ ಓದುವವರು ಯಾರು?

ಮಕ್ಕಳಿಗೆ ವರ್ಷವರ್ಷವೂ ಪ್ರತ್ಯಕ್ಷ ತೆರಿಗೆ, ಪರೋಕ್ಷ ತೆರಿಗೆ ಎಂದು ಬೋರ್ಡಿನ ಮೇಲೆ ಎರಡು ಕಾಲಂ ಎಳೆದು ಪಾಠ ಮಾಡುವವಳು ನಾನು. ಪ್ರತ್ಯಕ್ಷ ತೆರಿಗೆ ನನಗೆ ನಿಜವಾಗಿ ಪ್ರತ್ಯಕ್ಷವಾದದ್ದು ಅಂದೇ.

ಸಂಬಳದ ತೆರಿಗೆಯ ರಿಟರ್ನ್ ತುಂಬಿಕೊಡುತ್ತಿದ್ದ ಆಡಿಟರ ಬಳಿ ಓಡಿದೆ. ಅವರು ವಯಸ್ಸಾದವರು, ನಿಧಾನವಾಗಿ ತಿಳಿಸಿ ಹೇಳುವವರು. “ನೋಡಿ ಮೇಡಂ, ಸಂಬಳಕ್ಕೆ ಒಂದು ಲೆಕ್ಕ, ಅದೃಷ್ಟಕ್ಕೆ ಇನ್ನೊಂದು ಲೆಕ್ಕ” ಎಂದು ಶುರು ಮಾಡಿದರು. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ 115ಬಿಬಿ ಎಂಬ ಕಲಮು ಇತ್ತು. ಲಾಟರಿ, ಪದಬಂಧ, ಕುದುರೆ ಜೂಜು, ಇಸ್ಪೀಟು, ಇಂಥವುಗಳಲ್ಲಿ ಗೆದ್ದ ಹಣಕ್ಕೆಲ್ಲ ಅದರಲ್ಲಿ ಒಂದೇ ದರ. 2000ದ ಜುಲೈಯಲ್ಲಿ ಅಮಿತಾಭ್ ಬಚ್ಚನ್ ಅವರ ‘ಕೌನ್ ಬನೇಗಾ ಕರೋಡ್‌ಪತಿ’ ಶುರುವಾಗಿ ದೇಶವೆಲ್ಲ ಟೀವಿ ಮುಂದೆ ಕೂತಿತಷ್ಟೆ. ಮುಂದಿನ ವರ್ಷವೇ, 2001ರಲ್ಲಿ, ಟೀವಿಯ ಆಟಗಳೂ ಇದರಲ್ಲಿ ಸೇರುತ್ತವೆ ಎಂದು ಕಾಯಿದೆಗೆ ವಿವರಣೆ ಸೇರಿಸಿದರು. ಅದೇ ಸಲ ನಲವತ್ತಿದ್ದ ದರವನ್ನು ಮೂವತ್ತಕ್ಕೆ ಇಳಿಸಿದರು. “ಹತ್ತು ಪರ್ಸೆಂಟ್ ಉಳೀತು ಅಂತ ಸಂತೋಷಪಡಿ” ಎಂದು ಆಡಿಟರು ನಕ್ಕರು. ನನಗೆ ನಗು ಬರಲಿಲ್ಲ.

“ಸರ್, ನಾನು ಎಲ್.ಐ.ಸಿ. ಕಟ್ತೀನಲ್ಲ, ಪಿ.ಎಫ್. ಇದೆಯಲ್ಲ, ಅದನ್ನೆಲ್ಲ ಕಳೆಯೋಕಾಗಲ್ವೇ?”

“ಸಂಬಳದಲ್ಲಿ ಕಳೀಬಹುದು. ಇದರಲ್ಲಿ ಒಂದು ಪೈಸೆಯೂ ಕಳೆಯೋ ಹಾಗಿಲ್ಲ.”

“ಬೆಂಗಳೂರಿಗೆ ಹೋಗಿಬಂದ ಖರ್ಚು? ಆಟಕ್ಕೆ ಅಂತಲೇ ತೊಗೊಂಡ ಸೀರೆ?”

“ಅದೂ ಇಲ್ಲ. ಲಾಟರಿ ಹೊಡೆದವನು ಟಿಕೆಟ್ಟಿನ ದುಡ್ಡನ್ನೂ ಕಳೆಯೋ ಹಾಗಿಲ್ಲ ಮೇಡಂ.”

ನಮ್ಮ ಮಾವನವರು ನೆನಪಾದರು. ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಲ್ಲುವವರೆಗೂ ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಂಡು, ಮರುದಿನ ಹೋಟೆಲಿನಲ್ಲಿ ಪೇಪರು ನೋಡಿ, ಮಾತಾಡದೆ ಮನೆಗೆ ಬರುತ್ತಿದ್ದವರು. ಒಂದು ವೇಳೆ ಗೆದ್ದಿದ್ದರೂ ಅವರು ಅಷ್ಟು ವರ್ಷ ಸೋತದ್ದು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಇದನ್ನೇ ಮುಂದೆ ಒಂಬತ್ತನೇ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಗೆದ್ದಾಗ ಸರ್ಕಾರ ಪಾಲು ತೊಗೊಳುತ್ತೆ, ಸೋತಾಗ ಪಾಲು ಕೊಡಲ್ವಾ?” ಎಂದು ಕೇಳಿದ. ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ. “ಕೊಡಲ್ಲಪ್ಪ, ಅದಕ್ಕೇ ಜೂಜಾಡಬೇಡ” ಅಂದೆ.

ಆಡಿಟರು ಕೊನೆಯಲ್ಲಿ ಇನ್ನೊಂದು ಮಾತು ಹೇಳಿದರು. ತೆರಿಗೆಯ ಮೇಲೆ ಶಿಕ್ಷಣಕ್ಕೆಂದು ಶೇಕಡಾ 3 ಸೆಸ್ ಇತ್ತು, ವಾಹಿನಿಯವರು ಅದನ್ನು ಹಿಡಿದಿರಲಿಲ್ಲ. ಅದು 1,800 ರೂಪಾಯಿ. ರಿಟರ್ನ್ ತುಂಬುವಾಗ ನಾನೇ ಕಟ್ಟಬೇಕು. ಮೇಷ್ಟ್ರಮ್ಮನಿಂದಲೇ ಶಿಕ್ಷಣದ ಸೆಸ್! ಕಟ್ಟಿದೆ. ಆ ದರ 2018ರಿಂದ ಆರೋಗ್ಯವನ್ನೂ ಸೇರಿಸಿಕೊಂಡು ಶೇಕಡಾ 4 ಆಗಿದೆ. ಮೂವತ್ತು ಮಾತ್ರ ಮೂವತ್ತಾಗಿಯೇ ಇದೆ.

ನನಗಾದರೂ ಸಂಬಳವಿತ್ತು. ಆವತ್ತು ನನ್ನ ಜೊತೆ ಆಡಿದ ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಐವತ್ತು ಸಾವಿರ ಗೆದ್ದಿದ್ದಳು. ಮನೆಯಲ್ಲಿ ರೊಟ್ಟಿ ಮಾಡಿ ಮೆಸ್ಸಿಗೆ ಕೊಡುತ್ತಿದ್ದವಳು. ಕೈಗೆ ಮೂವತ್ತೈದು ಸಾವಿರ ಬಂದಾಗ ನನಗೆ ಫೋನ್ ಮಾಡಿದಳು. “ಅಕ್ಕಾರ, ನನಗ ಪಗಾರನ ಇಲ್ಲ. ಟ್ಯಾಕ್ಸ್ ಎಲ್ಲಿಂದ ಬಂತ್ರೀ?” ಆ ವರ್ಷ ಎರಡು ಲಕ್ಷದವರೆಗೆ ಆದಾಯಕ್ಕೆ ತೆರಿಗೆ ಇರಲಿಲ್ಲ. ಅಷ್ಟೇ ಐವತ್ತು ಸಾವಿರವನ್ನು ಅವಳು ರೊಟ್ಟಿ ಮಾರಿ ದುಡಿದಿದ್ದರೆ ಒಂದು ಪೈಸೆ ಕಟ್ಟಬೇಕಿರಲಿಲ್ಲ. ಗೆದ್ದ ಹಣಕ್ಕೆ ಆ ವಿನಾಯಿತಿ ಇಲ್ಲ. ಇದನ್ನು ಅವಳಿಗೆ ಹೇಳುವಾಗ, ನನ್ನ ಅರವತ್ತು ಸಾವಿರಕ್ಕಿಂತ ಅವಳ ಹದಿನೈದು ಸಾವಿರ ದೊಡ್ಡದೆನಿಸಿತು. ಅದೃಷ್ಟದ ದುಡ್ಡಿಗೆ ಹೆಚ್ಚು ತೆರಿಗೆ ಹಾಕುವುದು ಸರಿ ಎಂದು ನಾನೂ ಒಪ್ಪುತ್ತೇನೆ. ನಮ್ಮ ಶಾಲೆಯ ಮಕ್ಕಳ ಬಿಸಿಯೂಟ, ಪುಸ್ತಕ ಬೇರೆಲ್ಲಿಂದ ಬರಬೇಕು? ಆದರೆ ಕೋಟಿ ಗೆದ್ದವನಿಗೂ ರೊಟ್ಟಿ ತಟ್ಟುವವಳಿಗೂ ಒಂದೇ ಅಳತೆ ಎನ್ನುವುದು ಇವತ್ತಿಗೂ ನನಗೆ ಜೀರ್ಣವಾಗಿಲ್ಲ.

ಮನೆಗೆ ಬಂದು ಪಟ್ಟಿ ತೆಗೆದೆ. ಅರವತ್ತು ಸಾವಿರ ಎಲ್ಲಿಂದ ಕಳೆಯುವುದು? ಮಗಳ ಫೀಸಿಗೆ ಕೈ ಹಚ್ಚುವಂತಿಲ್ಲ. ಅತ್ತೆಯವರಿಗೆ ಮೆಷಿನ್ ಬರುತ್ತದೆಂದು ಬೀದಿಗೆಲ್ಲ ಹೇಳಿಯಾಗಿತ್ತು. ಗೋಡೆಗೆ ಇಟ್ಟಿಗೆ ಬಂದು ಹಿತ್ತಲಲ್ಲಿ ಬಿದ್ದಿತ್ತು. ನನ್ನ ಪೆನ್ನು ತಾನಾಗಿಯೇ ಮೊದಲ ಸಾಲಿಗೆ ಹೋಯಿತು. ಅಮ್ಮನ ಬಳೆ. ಯಾಕೆಂದರೆ ಅಮ್ಮ ಕೇಳಿರಲಿಲ್ಲ, ಕೊಡದಿದ್ದರೂ ಕೇಳುವವರಲ್ಲ. ಸಾಲಿನ ಮೇಲೆ ಗೀಟು ಎಳೆದೇಬಿಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಹೆಣ್ಣುಮಕ್ಕಳ ಮನೆಲೆಕ್ಕದಲ್ಲಿ ಯಾವಾಗಲೂ ಹೀಗೆಯೇ ಅಲ್ಲವೇ? ಕಡಿಮೆ ಬಿದ್ದಾಗ ಮೊದಲು ಹೋಗುವುದು ಕೇಳದವರ ಪಾಲು. ತೌರಿನ ಪಾಲು, ನಮ್ಮ ಸ್ವಂತದ ಪಾಲು. ಸರ್ಕಾರ ನನ್ನನ್ನು ಕೇಳದೆ ಹಿಡಿದುಕೊಂಡಿತೆಂದು ಇಡೀ ದಿನ ಬೈದಿದ್ದೆ. ನಾನು ಅಮ್ಮನನ್ನು ಕೇಳಿದ್ದೆನೇ?

ಬೆಳಿಗ್ಗೆ ಕಾಫಿ ಕೊಡುತ್ತಾ ನಮ್ಮವರಿಗೆ ಬಳೆಯ ಕಥೆ ಹೇಳಿದೆ. ಮದುವೆಯಾಗಿ ಹದಿನೇಳು ವರ್ಷವಾದರೂ ಹೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೋಡೆ ಅರ್ಧ ಎದ್ದರೆ ಸಾಕು ಬಿಡು. ಎದುರುಮನೆ ಹಸು ಏನು ಹೈಜಂಪ್ ಮಾಡುತ್ತಾ?” ಎಂದರು. ಗೋಡೆಯಿಂದ ಉಳಿದ ಹದಿನೇಳೂವರೆ ಸಾವಿರಕ್ಕೆ ಪಟ್ಟಿಯಲ್ಲಿ ಉಳಿದಿದ್ದ ಇಪ್ಪತ್ತೈದು ಸಾವಿರ ಸೇರಿಸಿದರೆ ಸರಿಯಾಗಿ ಒಂದು ಬಳೆ.

ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಒಂದೇ ಬಳೆ ತೊಗೊಂಡು ತೌರಿಗೆ ಹೋದೆ. ತೆರಿಗೆ, ಕಲಮು, ಸೆಸ್ ಎಲ್ಲ ವಿವರಿಸಿದೆ. ಅಮ್ಮ ಸೋಪು ಹಚ್ಚಿಕೊಂಡು ಬಳೆಯನ್ನು ಎಡಗೈಗೆ ತೂರಿಸಿಕೊಂಡು, “ಒಂದೇ ಸಾಕು ಬಿಡೇ. ಇನ್ನೊಂದು ಸರ್ಕಾರದ ಕೈಲಿದೆ ಅಂದ್ಕೋತೀನಿ” ಎಂದರು. ಆಮೇಲೆ ಮೆಲ್ಲಗೆ, “ನೀನು ನೆನಪಿಟ್ಟಿದ್ದೆಯಲ್ಲ” ಎಂದರು. ಅಷ್ಟೇ.

ಈ ಕಥೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಇದರ ಬಾಲವೊಂದಿದೆ, ಅದನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ.

ನನಗೆ ಈ ಅನುಭವವನ್ನು ಎಲ್ಲರಿಗೂ ಹೇಳುವ ಚಟ ಹತ್ತಿತು. 2016ರ ದಸರೆಗೆ ನಮ್ಮ ಶಾಲೆಯ ಹಿಂದಿ ಟೀಚರಿಗೆ ಬಟ್ಟೆ ಅಂಗಡಿಯ ಲಕ್ಕಿ ಡ್ರಾದಲ್ಲಿ ಅರವತ್ತು ಸಾವಿರದ ಸ್ಕೂಟರ್ ಬಂದಿತ್ತು. ಹದಿನೆಂಟು ಸಾವಿರ ಕಟ್ಟಿದರೆ ಮಾತ್ರ ಕೀಲಿ ಎಂದಾಗ ಆಕೆ ಮೋಸವೆಂದು ಹೆದರಿದರು. ವಸ್ತು ರೂಪದ ಬಹುಮಾನವಾದರೆ ತೆರಿಗೆ ಸಂದಾಯವಾದ ಮೇಲೆಯೇ ಕೊಡಬೇಕೆಂಬ ನಿಯಮವನ್ನು ಹೇಳಿ ಧೈರ್ಯ ತುಂಬಿದವಳು ನಾನೇ. ‘ಗೆದ್ದರೆ ಟ್ಯಾಕ್ಸ್ ಕಟ್ಟಲೇಬೇಕು’ ಎನ್ನುವುದು ನಮ್ಮ ಬೀದಿಯಲ್ಲಿ ನನ್ನ ಹೆಸರಿನ ಗಾದೆಯಾಯಿತು.

2022ರಲ್ಲಿ ಎದುರುಮನೆಯ ಅಕ್ಕ ಒಂದು ಮಧ್ಯಾಹ್ನ ಬಿಳಿಚಿಕೊಂಡು ಬಂದರು. ವಾಟ್ಸಾಪಿನಲ್ಲಿ ಅಮಿತಾಭರ ಚಿತ್ರ, ಜೊತೆಗೊಂದು ದನಿ: ನಿಮಗೆ ಇಪ್ಪತ್ತೈದು ಲಕ್ಷ ಬಂದಿದೆ, ತೆರಿಗೆ ಮೊದಲು ಕಟ್ಟಿ. ಅಕ್ಕ ಸ್ತ್ರೀಶಕ್ತಿ ಸಂಘದ ಕಂತಿಗೆಂದು ಇಟ್ಟಿದ್ದ 12,500 ಕಳಿಸಿಬಿಟ್ಟಿದ್ದರು. ಎರಡನೇ ಸಲ ಮೂವತ್ತು ಸಾವಿರ ಕೇಳಿದಾಗ ಅನುಮಾನ ಬಂದಿದೆ. “ಯಾಕಕ್ಕ ಕಳಿಸಿದ್ರಿ?” ಎಂದೆ. “ನೀವೇ ಹೇಳಿದ್ರಲ್ಲ ಟೀಚರಮ್ಮ, ಗೆದ್ದರೆ ಟ್ಯಾಕ್ಸ್ ಕಟ್ಟಲೇಬೇಕು ಅಂತ” ಎಂದರು. ನನ್ನ ಬಾಯಿ ಕಟ್ಟಿಹೋಯಿತು. 1930ಕ್ಕೆ ಫೋನ್ ಮಾಡಿದೆವು, ಠಾಣೆಗೆ ಹೋದೆವು. ಹಣ ಬರಲಿಲ್ಲ. ಅರ್ಧ ನಾನು ಕೊಡುತ್ತೇನೆಂದರೂ ಒಪ್ಪದೆ, ಬ್ಲೌಸ್ ಹೊಲಿದು ಹೊಲಿದು ಸಂಘದ ಸಾಲ ತೀರಿಸಿದರು.

ಅರ್ಧ ಪಾಠ ಹೇಳುವುದು ಪಾಠ ಹೇಳದಿರುವುದಕ್ಕಿಂತ ಕೆಟ್ಟದ್ದು. ಆದ್ದರಿಂದ ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತೇನೆ. ನೀವು ಆಡದ ಆಟದಲ್ಲಿ, ಚೀಟಿ ಬರೆದು ಹಾಕದ ಡ್ರಾದಲ್ಲಿ ನಿಮಗೆ ಬಹುಮಾನ ಬರುವುದಿಲ್ಲ. ಬಹುಮಾನ ನಗದಾಗಿದ್ದರೆ ಕೊಡುವವರೇ ತೆರಿಗೆ ಹಿಡಿದು ಉಳಿದದ್ದನ್ನು ಕೊಡುತ್ತಾರೆ. ಮೊದಲು ನೀವು ಕಳಿಸಿ ಎನ್ನುವುದಿಲ್ಲ. ಸ್ಕೂಟರ್, ಫ್ರಿಜ್ಜು ಎಂದು ತೆರಿಗೆ ಕೇಳಿದರೆ ಊರಿನ ಅಂಗಡಿಗೇ ಹೋಗಿ, ಪ್ಯಾನ್ ನಂಬರ್ ಕೊಟ್ಟು, ಟಿ.ಡಿ.ಎಸ್. ಪ್ರಮಾಣಪತ್ರ ಕೇಳಿ. ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಜಮೆಯಾದ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣಲೇಬೇಕು. ಯಾರದೋ ಹೆಸರಿನ ಖಾತೆಗೆ, ಯಾವುದೋ ಫೋನ್ ನಂಬರಿಗೆ ಹೋಗುವ ದುಡ್ಡು ತೆರಿಗೆಯಲ್ಲ.

ಅಮ್ಮ 2019ರಲ್ಲಿ ತೀರಿಕೊಂಡರು. ಆ ಬಳೆ ಈಗ ನನ್ನ ಎಡಗೈಯಲ್ಲಿದೆ. “ಇನ್ನೊಂದು ಕೈಗೆ ಯಾಕೆ ಮಾಡಿಸಿಲ್ಲ?” ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಅದು ಸರ್ಕಾರದ ಕೈಲಿದೆ ಅನ್ನುತ್ತೇನೆ. ನಮ್ಮ ಹಿತ್ತಲ ಗೋಡೆ ಇವತ್ತಿಗೂ ಅರ್ಧಕ್ಕೇ ನಿಂತಿದೆ. ಅದರಾಚೆಯಿಂದ ಎದುರುಮನೆ ಅಕ್ಕನ ಹಸು ಕತ್ತು ಚಾಚಿ ನಮ್ಮ ಕರಿಬೇವು ತಿನ್ನುತ್ತದೆ. ತಿನ್ನಲಿ ಬಿಡಿ.