ಅಮ್ಮ ಜಾರೋದಿಲ್ಲ, ಗೊತ್ತು...

ಫೆಬ್ರವರಿಯಲ್ಲಿ ಮಕ್ಕಳ ರಜಕ್ಕೆ ಲಂಡನ್ನಿಂದ ಎಲ್ಲಿಗೆ ಹೋಗೋದು ಅಂತ ಮನೇಲಿ ಎರಡು ವಾರದಿಂದ ಜಟಾಪಟಿ. ನಮ್ಮನೆಯವರಿಗೆ ಫ್ರಾನ್ಸಿನ ವಾಲ್ ಥೋರಾನ್ಸೇ ಆಗಬೇಕು. ಊರೇ 2,300 ಮೀಟರ್ ಎತ್ತರದಲ್ಲಿದೆ, ಹಿಮಕ್ಕೆ ಬರವಿಲ್ಲ, ಹೋಟೆಲ್ ಬಾಗಿಲಿಂದಲೇ ಸ್ಕೀ ಮಾಡಬಹುದು. ಸರಿ ಸ್ವಾಮಿ, ಶಿವಮೊಗ್ಗದಿಂದ ಬರ್ತಿರೋ ಅಮ್ಮ ಏನು ಮಾಡಬೇಕು? ಹೋದ ಸಲ "ನೀವು ಆಡ್ಕೊಂಡು ಬನ್ನಿ" ಅಂತ ಮಂಡಿ ನೀವಿಕೊಂಡು ನಾಲ್ಕು ದಿನ ರೂಮಲ್ಲೇ ಕೂತಿದ್ರು.

ನಾನು ಸ್ವಿಟ್ಜರ್ಲೆಂಡಿನ ಜರ್ಮಾಟ್ ಅಂತ ಪಟ್ಟು ಹಿಡಿದೆ. ಊರು ಸುಮಾರು 1,600 ಮೀಟರಿನಲ್ಲಿದೆ, ಪೆಟ್ರೋಲ್ ಕಾರುಗಳ ಗಲಾಟೆಯಿಲ್ಲ. 1898ರಲ್ಲಿ ಶುರುವಾದ ರೈಲು ಕೂತವರನ್ನ ಕೂತ ಹಾಗೇ 3,089 ಮೀಟರಿನ ಗೋರ್ನರ್‌ಗ್ರಾಟಿಗೆ ಹತ್ತಿಸುತ್ತೆ. ಎದುರಿಗೇ ಮ್ಯಾಟರ್‌ಹಾರ್ನ್! ಮೇಲೆ ಜಾಸ್ತಿ ಹೊತ್ತು ಇರಬೇಡಿ ಅಂದಿದ್ದಾರೆ ಅಮ್ಮನ ಡಾಕ್ಟ್ರು, ಅಷ್ಟೇ.

ದುಬಾರಿ, ಸುಳ್ಳು ಹೇಳಲ್ಲ. ಏಳು ದಿನ ಅಂದ್ಕೊಂಡಿದ್ದು ನಾಲ್ಕಕ್ಕೆ ಇಳಿದಿದೆ. ನಮ್ಮನೆಯವರು ಇನ್ನೂ ಮುಖ ಊದಿಸಿಕೊಂಡಿದ್ದಾರೆ :-)