ಹಟ್ಟಿಯಲ್ಲೊಂದು ಕಪಾಟು

ನೆಲ್ಯಾಡಿಯಲ್ಲಿ ಗುಟ್ಟಾಗಿ ಮಾಡಲಾಗದ ಕೆಲಸಗಳಲ್ಲಿ ಮರದ ಕೆಲಸ ಮೊದಲನೆಯದು. ಉಳಿಯ ಮೇಲೆ ಕೊಡತಿಯ ಎರಡು ಪೆಟ್ಟು ಬಿದ್ದರೆ ಸಾಕು, ಆಚೆಮನೆಯವರು ಎಲೆಯಡಿಕೆ ಜಗಿಯುತ್ತ ಹಾಜರು. ದನ ಕೊಟ್ಟ ಮೇಲೆ ಖಾಲಿ ಬಿದ್ದಿದ್ದ ಹಟ್ಟಿಯೇ ಈಗ ನನ್ನ ಕಾರ್ಖಾನೆ.

"ಎಂತ ಮಾರಾಯ್ರೆ, ಕೋಳಿಗೂಡಾ?"

"ಅಲ್ಲ, ಪುಸ್ತಕಕ್ಕೊಂದು ಕಪಾಟು."

"ಓ… ಯಾವ ಮರ?"

ಈ ಪ್ರಶ್ನೆ ಬಂತೆಂದರೆ ಅಂದಿನ ಕೆಲಸ ಮುಗಿಯಿತೆಂದೇ ಲೆಕ್ಕ. ಹಲಸೋ ಹೆಬ್ಬಲಸೋ ಎಂಬ ತಕರಾರು ಇತ್ಯರ್ಥವಾಗುವಂಥದ್ದೇ? ರಬ್ಬರು ಅಗ್ಗ, ಸುತ್ತಮುತ್ತ ಅದೇ. ಕೇರಳದಿಂದ ಬಂದವರು ನೆಟ್ಟದ್ದು ಒಂದು ಪಾಲು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಸಿಲೋನಿನಿಂದ ಮರಳಿದ ತಮಿಳರ ಹೊಟ್ಟೆಪಾಡಿಗೆಂದು ಸುಳ್ಯ, ಪುತ್ತೂರು ಕಡೆ ಸರಕಾರವೇ ಬೆಳೆಸಿದ್ದು ಇನ್ನೊಂದು. ದಿಲ್ಲಿಯ ರುಜು ನಮ್ಮ ಹಟ್ಟಿಯ ಹರಟೆಗೂ ಬಂತು ನೋಡಿ! ಆದರೆ ರಬ್ಬರು ಹಲಗೆಗೆ ಕೊಯ್ದ ಕೂಡಲೇ ಬೋರಾಕ್ಸ್, ಬೋರಿಕ್ ಆಸಿಡ್ ಕುಡಿಸಬೇಕು. ಇಲ್ಲವಾದರೆ ಮೊದಲು ಬೂಸ್ಟು, ಹಿಂದೆಯೇ ಹುಳ.

ನಮ್ಮ ಆಚಾರ್ರದು ಬೇರೆಯೇ ದಾರಿ. ಹಂಚಿನ ಮನೆ ಕೆಡವಿದಲ್ಲಿ ಹೆಬ್ಬಲಸಿನ ಪಕ್ಕಾಸು ಹುಡುಕುತ್ತಾರೆ. ಹಂಚಿನ ಮಾತು ಬಂತಲ್ಲ, 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಸೀಮೆಯ ಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಈಗ ತಾರಸಿ ಬಂದು ಪಕ್ಕಾಸೆಲ್ಲ ಅಂಗಳಕ್ಕೆ ಬಿದ್ದಿವೆ. ಒಲೆಯ ಹೊಗೆ ಕುಡಿದು ಒಣಗಿದ ಮರ, ಇನ್ನು ಸೊಟ್ಟಗಾಗುವ ಹಟವಿಲ್ಲ. ಕೀಸುಳಿಯ ಮೊದಲ ಸುರುಳಿ ಮಸಿಗಪ್ಪು, ಎರಡನೆಯದು ಕಂದು, ಮೂರನೆಯದಕ್ಕೆ ಬಂಗಾರದ ಹಳದಿ ಇಣುಕುತ್ತದೆ. ಮುರಿದ ಆಣಿಯೊಂದು ಒಳಗೇ ಕೂತಿದ್ದರೆ ಮಾತ್ರ ಅಲಗಿನ ಕಥೆ ಮುಗಿದಂತೆ!

ಹಲಗೆಯ ದಪ್ಪ ಇಮ್ಮಡಿಯಾದರೆ ಅಷ್ಟೇ ಭಾರಕ್ಕೆ ಅದು ಬಾಗುವುದು ಎಂಟರಲ್ಲೊಂದು ಪಾಲು ಎನ್ನುತ್ತದೆ ಎಂಜಿನಿಯರಿಂಗ್ ಲೆಕ್ಕ. ಆಚಾರ್ರು ಹಲಗೆಯ ನಟ್ಟನಡುವೆ ತಾವೇ ಕೂತು ನೋಡುತ್ತಾರೆ. ನನಗೆ ಅವರ ಲೆಕ್ಕದಲ್ಲೇ ನಂಬಿಕೆ. ಇಲ್ಲೇ ಪುತ್ತೂರಲ್ಲಿದ್ದು ಕಾರಂತರು ಬರೆದುದನ್ನಷ್ಟೇ ಇಟ್ಟರೂ ಒಂದು ಹಲಗೆ ಸಾಲದು. ಮೇಲಾಗಿ ಕೆಳಗಿನ ಖಾನೆ ಮಾವಿನಮಿಡಿ ಭರಣಿಗಳಿಗೆಂದು ಮನೆಯಾಕೆ ಆಗಲೇ ತೀರ್ಮಾನಿಸಿಯಾಗಿದೆ.

ಅಂದ ಹಾಗೆ, ನಿಮ್ಮಲ್ಲಿ ಹಳೇ ಪಕ್ಕಾಸು ಬಿದ್ದಿದ್ದರೆ ಬಚ್ಚಲೊಲೆಗೆ ತುರುಕಬೇಡಿ, ಒಂದು ಮಾತು ಹೇಳಿಕಳಿಸಿ. ಇನ್ನೆರಡು ಖಾನೆ ಬಾಕಿ ಇದೆ.