ತೋರಿಸುವ ಸುಖ

ಸೊಗಸಾದ ವಸ್ತುವೊಂದನ್ನು ಕಂಡ ಕೂಡಲೆ ಅದನ್ನು ಮತ್ತೊಬ್ಬರಿಗೆ ತೋರಿಸಬೇಕೆಂಬ ಆತುರವು ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದುದಾಗಿರಬೇಕು. ಮಾತು ಬಾರದ ಕೂಸು ಕೂಡ ಚಂದ್ರನನ್ನು ಕಂಡರೆ ತಾನೊಂದೇ ನೋಡಿ ಸುಮ್ಮನಾಗುವುದಿಲ್ಲ. ಬೆರಳು ಚಾಚಿದ ಮೇಲೆ, ಎತ್ತಿಕೊಂಡವರ ಮುಖವನ್ನು ಒಮ್ಮೆ ತಿರುಗಿ ನೋಡುತ್ತದೆ. ನಿಮಗೂ ಕಂಡಿತೆ ಎಂದು ಕೇಳುವ ನೋಟವದು. ಈಗಿನ ನಮ್ಮ ಮನೆಗಳಲ್ಲಿ ಈ ಆತುರವು ಬಹುಮಟ್ಟಿಗೆ ಕೈಫೋನಿನ ಮೂಲಕ ತೀರುತ್ತಿರುವುದಷ್ಟೆ. ಅರ್ಧ ನಿಮಿಷದವು, ಒಂದು ನಿಮಿಷದವು, ಬಹಳವಾದರೆ ಹತ್ತು ನಿಮಿಷದವು, ಹೀಗೆ ಲೆಕ್ಕವಿಲ್ಲದಷ್ಟು ಚಲಚ್ಚಿತ್ರಗಳು ಅಂತರ್ಜಾಲದಲ್ಲಿ ಬಿದ್ದಿವೆ. ಹಿಡಿಸಿದುದನ್ನು ಆಯ್ದು ಆಪ್ತರಿಗೆ ಮುಟ್ಟಿಸಲು ಒಂದು ಬೆರಳು ಸಾಕು.

ಆದರೆ ಕಳುಹಿಸುವುದಕ್ಕೂ ತೋರಿಸುವುದಕ್ಕೂ ಬಹಳ ಅಂತರವುಂಟು. ನನ್ನ ಪರಿಚಯದವರೊಬ್ಬರಿದ್ದಾರೆ. ನಾವು ಬೆಳಗಿನ ಕಾಫಿ ಮುಗಿಸುವುದರೊಳಗಾಗಿ ಅವರಿಂದ ಇಪ್ಪತ್ತು ಚಿತ್ರಗಳು ಬಂದು ಬಿದ್ದಿರುತ್ತವೆ. ಅವುಗಳಲ್ಲಿ ಒಂದನ್ನಾದರೂ ಅವರು ಪೂರ್ತಿಯಾಗಿ ನೋಡಿದ್ದಾರೆಂದು ನಾನು ನಂಬಲಾರೆ. ಇಂಥ ಮಹನೀಯರು ನಮ್ಮ ದೇಶದಲ್ಲಿ ವಿಪುಲವಾಗಿದ್ದಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2018ರಲ್ಲಿ ವಾಟ್ಸಾಪ್‌ನವರು ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸಕೂಡದೆಂದು ಭಾರತದಲ್ಲಿ ಕಟ್ಟು ಮಾಡಿದರು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂದು ಆ ಕಟ್ಟನ್ನು ಇನ್ನೂ ಬಿಗಿಮಾಡಿದರು. ಸುಳ್ಳು ಸುದ್ದಿಯ ಹಾವಳಿಗೆ ಹೆದರಿ ಮಾಡಿದ ಏರ್ಪಾಡದು. ನನ್ನ ಮಟ್ಟಿಗೆ, ಕಾಫಿಯ ಹೊತ್ತಿನ ಉಪದ್ರವಕ್ಕಾಗಿಯೇ ಅದನ್ನು ಮಾಡಬಹುದಾಗಿತ್ತು.

ತೋರಿಸುವುದೆಂದರೇನೆಂಬುದು ನಮ್ಮ ಮನೆಯವರಿಗೆ ತಿಳಿದದ್ದು ನನ್ನ ಅಕ್ಕನಿಂದ. ಅವಳಿಗೆ ಈಗ ಎಪ್ಪತ್ತೆರಡು ವರ್ಷ. ಭಾವನವರು ತೀರಿಕೊಂಡ ಮೇಲೆ ಸಾಗರದ ಮನೆಯನ್ನು ಬಿಟ್ಟು ಮೈಸೂರಿಗೆ ಬಂದು ನಮ್ಮೊಡನೆ ಇದ್ದಾಳೆ. ಬರುವಾಗಲೇ ಅವಳ ಕಿವಿ ಮಂದವಾಗಿತ್ತು. ಎರಡು ವರ್ಷಗಳಲ್ಲಿ ಅದು ಮುಕ್ಕಾಲುಪಾಲು ಹೋಯಿತು. ಕಿವಿಯ ಯಂತ್ರವನ್ನು ತಂದುಕೊಟ್ಟೆವು. ಅದು ಮಾತನ್ನು ದೊಡ್ಡದು ಮಾಡಿದಷ್ಟೇ ನಿಷ್ಪಕ್ಷಪಾತವಾಗಿ ಪಾತ್ರೆಗಳ ಸಪ್ಪಳವನ್ನೂ ದೊಡ್ಡದು ಮಾಡುತ್ತದೆಯೆಂದು ಹೇಳಿ, ಅವಳು ಅದನ್ನು ದೇವರ ಗೂಡಿನ ಪಕ್ಕದಲ್ಲಿಟ್ಟುಬಿಟ್ಟಳು. ಕಿವುಡು ಬಂದವರ ಕಷ್ಟ ಮಾತು ಕೇಳದಿರುವುದೊಂದೇ ಅಲ್ಲ. ಹತ್ತು ಮಂದಿ ಕಲೆತು ನಗುತ್ತಿರುವಾಗ, ನಕ್ಕವರ ಮುಖಗಳನ್ನು ನೋಡಿಕೊಂಡು ಒಂದು ಗಳಿಗೆ ತಡವಾಗಿ ತಾವೂ ನಗಬೇಕು. ‘ಏನಂತೆ?’ ಎಂದು ಎಷ್ಟು ಸಲ ಕೇಳಿಯಾರು? ‘ಏನಿಲ್ಲ ಬಿಡಿ’ ಎಂಬ ಉತ್ತರವನ್ನು ಎಷ್ಟು ಸಲ ತಾಳಿಯಾರು? ಊರಿನಲ್ಲಿ ಒಂದು ಕೇರಿಯನ್ನೇ ಮಾತಿನಿಂದ ಆಳಿದ್ದ ನನ್ನಕ್ಕ, ಊಟವಾದ ಕೂಡಲೆ ಎದ್ದು ತನ್ನ ಕೋಣೆಗೆ ಹೋಗುವುದನ್ನು ರೂಢಿಮಾಡಿಕೊಂಡಳು.

ಹೀಗಿರಲು ಒಂದು ರಾತ್ರಿ ನನ್ನ ಸೊಸೆಯು ಅವಳ ಪಕ್ಕದಲ್ಲಿ ಕುಳಿತು ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದಳು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ಪ್ರಾಂತದ ಜಾನ್ ಪ್ಲಾಂಟ್ ಎಂಬಾತನು 2015ರಿಂದ ‘ಪ್ರಿಮಿಟಿವ್ ಟೆಕ್ನಾಲಜಿ’ ಎಂಬ ಹೆಸರಿನಲ್ಲಿ ಪ್ರಕಟಿಸುತ್ತ ಬಂದಿರುವ ಚಿತ್ರಗಳಲ್ಲಿ ಅದೊಂದು. ಈತನು ಬರಿಗಾಲಿನಲ್ಲಿ ಕಾಡಿಗೆ ಹೋಗಿ, ಕಲ್ಲಿನಿಂದಲೇ ಕೊಡಲಿ ಮಾಡಿಕೊಂಡು ಮರ ಕಡಿಯುತ್ತಾನೆ. ಕೋಲು ಮಥಿಸಿ ಬೆಂಕಿ ಹುಟ್ಟಿಸುತ್ತಾನೆ. ಗೋಡೆಯೆತ್ತಿ ಗುಡಿಸಲು ಕಟ್ಟುತ್ತಾನೆ. ಮೊದಲಿನಿಂದ ಕೊನೆಯವರೆಗೆ ಬಾಯಿ ಬಿಟ್ಟು ಒಂದು ಮಾತಾಡುವುದಿಲ್ಲ. ಅಕ್ಕ ಕಣ್ಣು ಕೀಳದೆ ನೋಡಿದಳು. ಅವನು ಕಾಲಿನಿಂದ ಮಣ್ಣು ತುಳಿದು ಹದಮಾಡುವುದು ಬಂದಾಗ, ಅವಳ ಧ್ವನಿಯನ್ನು ನಾವು ಎಷ್ಟೋ ದಿನಗಳ ಮೇಲೆ ಗಟ್ಟಿಯಾಗಿ ಕೇಳಿದೆವು: ‘ಇವನಿಗೆ ಮಣ್ಣು ಗೊತ್ತು!’ ಅನಂತರ, ನಮ್ಮ ಅಜ್ಜನ ಕಾಲದಲ್ಲಿ ಹಟ್ಟಿಯ ಗೋಡೆಗೆ ಮಣ್ಣು ಕಲಸುತ್ತಿದ್ದ ಕ್ರಮವನ್ನು ಅರ್ಧ ಗಂಟೆ ವರ್ಣಿಸಿದಳು. ಆ ಚಿತ್ರದಲ್ಲಿ ಅವಳಿಗೆ ತಪ್ಪಿಹೋದ ಮಾತು ಒಂದೂ ಇರಲಿಲ್ಲ. ಹಿನ್ನೆಲೆಯಲ್ಲಿ ಹಕ್ಕಿಗಳ ಕೂಗು ಇತ್ತು. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ಅಂದಿನಿಂದ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ರಾತ್ರಿ ಊಟವಾದ ಮೇಲೆ ಪ್ರತಿಯೊಬ್ಬರೂ ತಮಗೆ ಮೆಚ್ಚಿಗೆಯಾದ ಚಿತ್ರವೊಂದನ್ನು ತೋರಿಸಬೇಕು. ಒಬ್ಬರಿಗೆ ಒಂದೇ. ಧ್ವನಿಯನ್ನು ಎಲ್ಲರಿಗೂ ಮುಚ್ಚಿರಬೇಕು. ಈ ಕೊನೆಯ ನಿಯಮವು ಬಲು ಕಠಿನವಾದ ಪರೀಕ್ಷೆಯೆಂದು ಬೇಗನೆ ತಿಳಿದುಬಂದಿತು. ಎರವಲು ತಂದ ಹಾಡಿನ ಬಲದಿಂದ ಬದುಕಿರುವ ಚಿತ್ರಗಳು ಎಷ್ಟೊಂದು! ಧ್ವನಿ ತೆಗೆದೊಡನೆ ಅವು ನೀರಿನಿಂದ ತೆಗೆದ ಮೀನಿನಂತೆ ಒದ್ದಾಡಿ ಸುಮ್ಮನಾಗುತ್ತವೆ. ನನ್ನ ಮೊಮ್ಮಗನು ಯೂಟ್ಯೂಬಿನ ಮೊಟ್ಟಮೊದಲ ಚಿತ್ರವನ್ನು ಬಹಳ ಹೆಮ್ಮೆಯಿಂದ ತಂದನು. ಅದರ ಸಂಸ್ಥಾಪಕರಲ್ಲೊಬ್ಬರಾದ ಜಾವೆದ್ ಕರೀಂ ಎಂಬವರು ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತಾಡುವ 19 ಸೆಕೆಂಡಿನ ಚಿತ್ರವದು. 2005ರ ಏಪ್ರಿಲ್ 23ರಂದು ಪ್ರಕಟವಾದದ್ದು. ಚರಿತ್ರೆಯ ದೃಷ್ಟಿಯಿಂದ ಮಹತ್ತ್ವವುಳ್ಳದ್ದೇ ಸರಿ. ‘ಈ ಹುಡುಗ ಸ್ವಲ್ಪ ಪಕ್ಕಕ್ಕೆ ಸರಿದಿದ್ದರೆ ಆನೆ ಕಾಣುತ್ತಿತ್ತು’ ಎಂದು ಅಕ್ಕ ತೀರ್ಪಿತ್ತಳು.

ನಾನು ತೋರಿಸಿದ್ದು ಅದಕ್ಕಿಂತ ಬಹಳ ಹಳೆಯದು. ಫ್ರಾನ್ಸಿನ ಲ್ಯುಮಿಯೇರ್ ಸಹೋದರರು 1895ರಲ್ಲಿ ತೆಗೆದ ಚಿತ್ರಗಳು ಒಂದೊಂದೂ ಐವತ್ತು ಸೆಕೆಂಡಿನಷ್ಟು ಮಾತ್ರ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶದವರಿಗೆ ಮೊದಲು ತೋರಿಸಿದ್ದೂ ಈ ಸಹೋದರರ ಇಂಥ ತುಣುಕುಗಳನ್ನೇ. ಕಿರುಚಿತ್ರವು ಈ ಕಾಲದ ಚಪಲವೆಂದು ಮೂಗು ಮುರಿಯುವವರು ಇದನ್ನು ನೆನೆಯಬೇಕು. ಸಿನಿಮಾ ಹುಟ್ಟಿದ್ದೇ ಒಂದು ನಿಮಿಷದೊಳಗಿನ ಮಗುವಾಗಿ. ಅವುಗಳಲ್ಲಿ ಒಂದರಲ್ಲಿ ಅಣ್ಣನಾದ ಆಗಸ್ಟನು ಹೆಂಡತಿಯೊಡನೆ ತೋಟದಲ್ಲಿ ಕುಳಿತು ತನ್ನ ಕೂಸಿಗೆ ಉಣಿಸುತ್ತಾನೆ. ಹಿಂದೆ ಗಿಡಗಳ ಎಲೆಗಳು ಗಾಳಿಗೆ ಅಲುಗುತ್ತವೆ. ನಡುವೆ ಕೂಸು ತನ್ನ ಕೈಯ ಬಿಸ್ಕತ್ತನ್ನು ಹೊರಗೆ ಚಾಚುತ್ತದೆ. ‘ನಮಗೆ ಕೊಡುತ್ತಾ ಇದೆ!’ ಎಂದಳು ಅಕ್ಕ. ಆ ಚಿತ್ರವನ್ನು ನಾನು ಅದುವರೆಗೆ ನಾಲ್ಕು ಸಲವಾದರೂ ನೋಡಿದ್ದಿರಬೇಕು; ಅವಳ ಜೊತೆಯಲ್ಲಿ ನೋಡಿದ ಮೇಲೆ ಅದು ಬೇರೆಯೇ ಚಿತ್ರವಾಯಿತು.

ನೋಡುತ್ತ ನೋಡುತ್ತ ಕೈ ಸುಮ್ಮನಿರಲಾರದಾಯಿತು. ಭಾರತೀಯ ಚಲಚ್ಚಿತ್ರದ ಪಿತಾಮಹರಾದ ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ಹೊರತರುವ ಮುನ್ನ, ಬಟಾಣಿಯ ಕಾಳು ಮೊಳೆತು ಗಿಡವಾಗುವುದನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಹಿಡಿದು ಒಂದು ಪುಟ್ಟ ಚಿತ್ರ ಮಾಡಿದ್ದರು, ಹಣ ಹಾಕುವವರಲ್ಲಿ ನಂಬಿಕೆ ಹುಟ್ಟಿಸಿದ್ದು ಅದೇ. ಈ ಕಥೆಯನ್ನು ಕೇಳಿದ್ದೇ ತಡ, ನಮ್ಮ ಮಕ್ಕಳು ಒಂದು ಲೋಟದಲ್ಲಿ ಹೆಸರುಕಾಳನ್ನು ಬಿತ್ತಿ, ಗಾಜೊಡೆದ ಹಳೆಯ ಫೋನನ್ನು ಉಪ್ಪಿನಕಾಯಿಯ ಜಾಡಿಗೆ ಒರಗಿಸಿ ನಿಲ್ಲಿಸಿದರು. ಅರ್ಧ ಗಂಟೆಗೊಂದರಂತೆ ಐದು ದಿನಗಳಲ್ಲಿ 240 ಚಿತ್ರಗಳು. ಸೆಕೆಂಡಿಗೆ ಹನ್ನೆರಡರಂತೆ ಓಡಿಸಿದರೆ ಇಪ್ಪತ್ತು ಸೆಕೆಂಡಿನ ಸಿನಿಮಾ. ರಾತ್ರಿಯೆಲ್ಲ ಅಡಿಗೆಮನೆಯ ದೀಪ ಉರಿದದ್ದಕ್ಕೆ ನನ್ನ ಹೆಂಡತಿಯ ಆಕ್ಷೇಪಣೆಯಿತ್ತು. ಮೊಳಕೆಯು ತಲೆಯೆತ್ತಿ, ಸಿಪ್ಪೆಯನ್ನು ಟೋಪಿಯಂತೆ ಎಸೆದು, ಎರಡು ಎಲೆ ಬಿಚ್ಚಿದ್ದನ್ನು ಕಂಡ ಮೇಲೆ ಆಕೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅದಾದ ಮಾರನೆಯ ದಿನ ಅಕ್ಕ ತಾನೇ ಸೊಸೆಯನ್ನು ಕರೆದು, ‘ನನ್ನ ಕೈಯನ್ನು ಹಿಡಿ, ಮುಖ ಬೇಡ’ ಎಂದಳು. ಗೌರಿಹಬ್ಬ ಹತ್ತಿರವಿತ್ತು. ಅವಳು ಗೆಜ್ಜೆವಸ್ತ್ರ ಮಾಡುವುದಕ್ಕೆ ಕುಳಿತಿದ್ದಳು. ಬೀಜ ಬಿಡಿಸಿದ ಹತ್ತಿಯನ್ನು ಹಿಂಜಿ, ಎಳೆಯಾಗಿ ಜಗ್ಗಿ, ಬೆರಳಿನ ತುದಿಗೆ ಹಾಲು ತಾಗಿಸಿಕೊಂಡು, ಅಲ್ಲಲ್ಲಿ ಹಿಸುಕಿ ಹೊಸೆದರೆ ಗೆಜ್ಜೆಗಳು ಒಂದರ ಹಿಂದೊಂದು ಮೂಡುತ್ತವೆ. ಆಮೇಲೆ ಕುಂಕುಮದ ಚುಕ್ಕೆ. ಹೇಳುವುದಕ್ಕೆ ಇಷ್ಟೆ. ಎಳೆ ಕಡಿಯದಂತೆ ಹೊಸೆಯುವ ಒತ್ತಡ ಎಷ್ಟೆಂಬುದನ್ನು ಬಾಯಿಯಿಂದ ಹೇಳಲು ಬರುವುದಿಲ್ಲ, ಕಿವಿಯಿಂದ ಕೇಳಲೂ ಬರುವುದಿಲ್ಲ. ಎರಡು ನಿಮಿಷದ ಆ ಚಿತ್ರದಲ್ಲಿ ಇರುವುದೆಲ್ಲ ಸುಕ್ಕುಗಟ್ಟಿದ ಎರಡು ಕೈಗಳು ಮತ್ತು ಒಂದು ಬಿಳಿಯ ಎಳೆ.

ಅದನ್ನು ನಾವು ಬಂಧುಗಳಲ್ಲಿ ಆರೇಳು ಮನೆಗಳಿಗೆ ಮಾತ್ರ ಕಳುಹಿಸಿದೆವು. ಹಲವರು ಕೈಮುಗಿದ ಚಿಹ್ನೆಯನ್ನು ಹಾಕಿ ಸುಮ್ಮನಾದರು. ಪುಣೆಯಲ್ಲಿರುವ ನನ್ನ ತಮ್ಮನ ಮಗಳೊಬ್ಬಳು ಮಾತ್ರ ಮೂರು ದಿನಗಳ ಮೇಲೆ ತಾನು ಮಾಡಿದ್ದರ ಚಿತ್ರವನ್ನು ತೆಗೆದು ಕಳುಹಿಸಿದಳು. ಔಷಧದಂಗಡಿಯ ಹತ್ತಿ, ಎರಡು ಗೆಜ್ಜೆ ಮೂಡುವುದರೊಳಗೆ ಎಳೆ ಕಡಿದು, ಅವಳು ಹಣೆ ಬಡಿದುಕೊಳ್ಳುವುದರೊಂದಿಗೆ ಮುಕ್ತಾಯ. ಅಕ್ಕ ಅದನ್ನು ಐದು ಸಲ ಹಾಕಿಸಿಕೊಂಡು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಈ ಸಲ ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ. ಆಮೇಲೆ ಹಿಸುಕುವ ಒಂದು ಚಲನೆಯನ್ನಷ್ಟೇ ಬಲು ನಿಧಾನವಾಗಿ ಮಾಡಿ, ಇನ್ನೊಂದು ಚಿತ್ರ ಹಿಡಿಸಿದಳು. ಅಂಗಡಿಯ ಹತ್ತಿಯಲ್ಲಿ ಎಳೆ ಗಿಡ್ಡ, ಅದು ಬೇಡ, ಎಂದು ಕೆಳಗೆ ತಾನೇ ಬೆರಳಿಟ್ಟು ಬರೆದಳು. ಕಾಲು ಕಿಲೋ ಬೀಜದ ಹತ್ತಿಯ ಗಂಟು ನಿನ್ನೆ ಅಂಚೆಗೆ ಹೋಗಿದೆ.